ಬ್ಯಾಟರಿಯ ಮಾದರಿ ವಿಮಾನ: ಚೀಟಿಯ ಅಂಕಿ ಮತ್ತು ಆಕಾಶದ ಲೆಕ್ಕ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಎಲ್ಲರ ಗಮನ ಸೆಳೆದದ್ದು ಬಿಳಿ ಫೋಮ್ ಹಾಳೆಯಲ್ಲಿ ಮಾಡಿದ, ರೆಕ್ಕೆಯ ಉದ್ದ ಒಂದು ಮೀಟರಿನಷ್ಟಿದ್ದ ಒಂದು ಮಾದರಿ ವಿಮಾನ. ರೇಡಿಯೋ ನಿಯಂತ್ರಣ, ಬ್ಯಾಟರಿ, ಪುಟ್ಟ ಮೋಟಾರು. ಬೆಳಿಗ್ಗೆಯೇ ಅದು ಮೈದಾನದಲ್ಲಿ ಹೆಚ್ಚು ಸದ್ದಿಲ್ಲದೆ ಹಾರಿ, ಎರಡು ಪಲ್ಟಿ ಹೊಡೆದು, ಹುಲ್ಲಿನ ಮೇಲೆ ಸುಖವಾಗಿ ಇಳಿದಿತ್ತು. ಮೇಜಿನ ಬಳಿ ನಿಂತಿದ್ದ ಮೂವರು ವಿದ್ಯಾರ್ಥಿಗಳನ್ನು ನಾನು ಕೇಳಿದೆ: "ಈ ಬ್ಯಾಟರಿ ಎಷ್ಟು ವಿದ್ಯುತ್ ಪ್ರವಾಹ ಕೊಡಬಲ್ಲದು?"

"55 ಆಂಪಿಯರ್, ಸರ್."

"ಹೇಗೆ ಗೊತ್ತಾಯಿತು?"

"ಚೀಟಿಯ ಮೇಲೆ 25 ಸಿ ಅಂತ ಇದೆ ಸರ್. 2.2 ಆಂಪಿಯರ್-ಗಂಟೆಯ ಬ್ಯಾಟರಿ. 25ರಿಂದ ಗುಣಿಸಿದರೆ 55."

"ಅಳೆದು ನೋಡಿದಿರಾ?"

ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಗುಣಾಕಾರ ಸರಿಯಾಗಿತ್ತು, ಅಳತೆ ಆಗಿರಲಿಲ್ಲ. ಆದರೂ ಅವರಿಗೇ ಬಹುಮಾನ ಬಂತು. ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ಆ ದಿನ ನಾನು ಬಿಟ್ಟುಬಿಟ್ಟ ಪ್ರಶ್ನೆಯನ್ನು ಈ ಲೇಖನದಲ್ಲಿ ಪೂರ್ತಿಗೊಳಿಸುವ ಆಸೆ.

ಬ್ಯಾಟರಿಚಾಲಿತ ಮಾದರಿ ವಿಮಾನ ಬಹಳ ಮುಂದುವರಿದಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಮುನ್ನಡೆಯ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಸರಿಯಿಲ್ಲ. "ಬ್ಯಾಟರಿ ಸುಧಾರಿಸಿತು, ವಿಮಾನ ಹಾರಿತು, ಇನ್ನಷ್ಟು ಸುಧಾರಿಸಿದರೆ ನಾವೂ ಅದರಲ್ಲಿ ಕೂತು ಅಮೆರಿಕಕ್ಕೆ ಹಾರಬಹುದು" ಎನ್ನುವುದು ಆ ಕಥೆಯ ಸಾರಾಂಶ. ಇದರ ಮೊದಲ ಭಾಗ ಅರ್ಧಸತ್ಯ. ಕೊನೆಯ ಭಾಗ ಸರಳ ಲೆಕ್ಕಕ್ಕೂ ನಿಲ್ಲದ್ದು. ನಡುವೆ, ಈ ಹವ್ಯಾಸದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬಹುದಾಗಿದ್ದ ಭೌತಶಾಸ್ತ್ರ ಒಂದೊಂದಾಗಿ ಪ್ಲಾಸ್ಟಿಕ್ ಡಬ್ಬಿಗಳ ಒಳಗೆ ಸೇರಿಕೊಳ್ಳುತ್ತಿದೆ.

ಹೊಸದೇನಲ್ಲ

ಬ್ಯಾಟರಿಯಿಂದ ಮಾದರಿ ವಿಮಾನ ಹಾರಿಸುವುದು ಈಚಿನ ವಿದ್ಯಮಾನ ಎಂದು ನೀವು ಭಾವಿಸಿದ್ದರೆ ಅದು ತಪ್ಪು. 1957ರ ಜೂನ್ 30ರಂದು ಬ್ರಿಟನ್ನಿನಲ್ಲಿ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ ಎಂಬುವರು 'ರೇಡಿಯೋ ಕ್ವೀನ್' ಎಂಬ ಮಾದರಿ ವಿಮಾನವನ್ನು ವಿದ್ಯುತ್ ಮೋಟಾರಿನಿಂದ ಹಾರಿಸಿದರು. ದಾಖಲೆಯಾಗಿರುವ ಮೊದಲ ರೇಡಿಯೋ ನಿಯಂತ್ರಿತ ವಿದ್ಯುತ್ ಹಾರಾಟ ಅದೇ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯಲ್ಲಿ ಫ್ರೆಡ್ ಮಿಲಿಟ್ಕಿ ವಿದ್ಯುತ್ ಮೋಟಾರಿನ ಹಗುರ ಮಾದರಿಗಳನ್ನು ಹಾರಿಸುತ್ತಿದ್ದರು. ಮುಂದೆ ಅವರು ಒಂದು ಮೋಟಾರು-ಗ್ಲೈಡರಿಗೆ ವಿದ್ಯುತ್ ಮೋಟಾರನ್ನೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನೂ ಅಳವಡಿಸಿದರು. 1973ರ ಅಕ್ಟೋಬರ್ 21ರಂದು ಆಸ್ಟ್ರಿಯಾದಲ್ಲಿ ಅದು ಚಾಲಕನನ್ನು ಹೊತ್ತು ಕೆಲವು ನಿಮಿಷ ಹಾರಿತು. ಅಂದರೆ ಮನುಷ್ಯನನ್ನು ಹೊತ್ತ ವಿದ್ಯುತ್ ವಿಮಾನಕ್ಕೂ ಐವತ್ತು ವರ್ಷ ದಾಟಿದೆ.

ಇಲ್ಲಿ ಒಂದು ಕುತೂಹಲದ ಅಂಶವಿದೆ. ಟ್ಯಾಪ್ಲಿನ್ ಬಳಸಿದ್ದು ಬೆಳ್ಳಿ-ಸತು ಕೋಶಗಳನ್ನು. ಈ ಜಾತಿಯ ಕೋಶ ಪ್ರತಿ ಕಿಲೋಗ್ರಾಮಿಗೆ 100 ವ್ಯಾಟ್-ಗಂಟೆಯ ಆಸುಪಾಸಿನಲ್ಲಿ ಶಕ್ತಿಯನ್ನು ಹಿಡಿದಿಡಬಲ್ಲದು. ಈಗ ನಮ್ಮ ವಿದ್ಯಾರ್ಥಿಗಳ ಮೇಜಿನ ಮೇಲಿನ ಲಿಥಿಯಂ-ಪಾಲಿಮರ್ ಬ್ಯಾಟರಿಯನ್ನು ತೂಗಿ ನೋಡಿ. ಮೂರು ಕೋಶ, 11.1 ವೋಲ್ಟ್, 2.2 ಆಂಪಿಯರ್-ಗಂಟೆ; ಒಟ್ಟು ಶಕ್ತಿ 24.4 ವ್ಯಾಟ್-ಗಂಟೆ. ತೂಕ 180 ಗ್ರಾಂ ಎಂದುಕೊಂಡರೆ ಪ್ರತಿ ಕಿಲೋಗ್ರಾಮಿಗೆ 136 ವ್ಯಾಟ್-ಗಂಟೆ. ಆರು ದಶಕಗಳಿಗೂ ಮೀರಿದ ಅಂತರದಲ್ಲಿ ಈ ಒಂದು ಅಂಕಿ ಎರಡು ಪಟ್ಟೂ ಆಗಿಲ್ಲ!

ಹಾಗಾದರೆ ಮುನ್ನಡೆ ಎಲ್ಲಿ? ಬೆಳ್ಳಿ-ಸತು ದುಬಾರಿ, ಕೆಲವು ಹತ್ತು ಸಲ ಮರುಪೂರಣ ಮಾಡುವಷ್ಟರಲ್ಲಿ ಅದರ ಆಯುಷ್ಯ ಮುಗಿಯುತ್ತದೆ. ಹವ್ಯಾಸಿಗಳ ಕೈಗೆ ಎಟುಕಿದ್ದು ನಿಕಲ್-ಕ್ಯಾಡ್ಮಿಯಂ. ಅದರ ಶಕ್ತಿಸಾಂದ್ರತೆ ಕಿಲೋಗ್ರಾಮಿಗೆ ಸುಮಾರು 45 ವ್ಯಾಟ್-ಗಂಟೆ ಮಾತ್ರ. ಮೇಲಿನಷ್ಟೇ ಶಕ್ತಿ ಬೇಕೆಂದರೆ 540 ಗ್ರಾಂ ಹೊರಬೇಕಿತ್ತು. ಒಂದು ಕಿಲೋಗ್ರಾಂ ವಿಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಬ್ಯಾಟರಿಯೇ! 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಕೋಶ ಮೊದಲು ಕ್ಯಾಮೆರಾ, ಫೋನು, ಲ್ಯಾಪ್‌ಟಾಪ್‌ಗಳಿಗೆ ಹೋಯಿತು. ಅದರ ಪಾಲಿಮರ್ ಚೀಲದ ರೂಪ 2000ದ ದಶಕದ ಮೊದಲ ವರ್ಷಗಳಲ್ಲಿ ಮಾದರಿ ವಿಮಾನಕ್ಕೆ ಬಂತು. ಅಗ್ಗದ, ನೂರಾರು ಸಲ ಮರುಪೂರಣ ಮಾಡಬಹುದಾದ, ಹಗುರ ಬ್ಯಾಟರಿ ಎಲ್ಲರಿಗೂ ಸಿಕ್ಕಿದ್ದು ನಿಜವಾದ ಮುನ್ನಡೆ. ಆದರೆ ಹಾರಾಟದ ಉಳಿದ ಭಾಗವನ್ನು ಬೇರೆಯವರು ಹೊತ್ತಿದ್ದಾರೆ.

ಮೋಟಾರಿಗೆ ಸಲ್ಲಬೇಕಾದ ಪಾಲು

ಹಳೆಯ ಆಟಿಕೆಯ ಮೋಟಾರನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ಒಳಗೆ ತಿರುಗುವ ಸುರುಳಿ, ಅದಕ್ಕೆ ತಾಗಿಕೊಂಡು ಪ್ರವಾಹ ಕೊಡುವ ಕಾರ್ಬನ್ ಬ್ರಷ್‌ಗಳು. ಈ ಬ್ರಷ್‌ಗಳಲ್ಲಿ ಘರ್ಷಣೆ, ಕಿಡಿ, ಸವೆತ. ಕಿಡಿಯಿಂದ ರೇಡಿಯೋ ಗ್ರಾಹಕಕ್ಕೂ ಉಪದ್ರವ. ಮಾದರಿ ವಿಮಾನದಲ್ಲಿ ಬಳಸುತ್ತಿದ್ದ ಅಗ್ಗದ ಬ್ರಷ್ ಮೋಟಾರುಗಳು ಕೊಟ್ಟ ಶಕ್ತಿಯ ಅರ್ಧದಷ್ಟನ್ನು ಶಾಖವಾಗಿ ಕಳೆಯುತ್ತಿದ್ದವು.

ಎರಡು ಸಂಗತಿಗಳು ಇದನ್ನು ಬದಲಿಸಿದವು. ಒಂದು, 1980ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಪ್ರತ್ಯೇಕವಾಗಿ ರೂಪುಗೊಂಡ ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತ. ಎರಡು, ಸೆಕೆಂಡಿಗೆ ಸಾವಿರಾರು ಸಲ ಪ್ರವಾಹವನ್ನು ಹಚ್ಚಿ ಆರಿಸಬಲ್ಲ ಅಗ್ಗದ ಟ್ರಾನ್ಸಿಸ್ಟರುಗಳು. ಇವೆರಡೂ ಸೇರಿ ಬ್ರಷ್‌ರಹಿತ ಮೋಟಾರು ಸಾಧ್ಯವಾಯಿತು. ಸುರುಳಿಗಳು ಸ್ಥಿರ, ಅಯಸ್ಕಾಂತ ತಿರುಗುತ್ತದೆ, ಯಾವ ಸುರುಳಿಗೆ ಯಾವಾಗ ಪ್ರವಾಹ ಕೊಡಬೇಕೆಂಬುದನ್ನು ಒಂದು ಎಲೆಕ್ಟ್ರಾನಿಕ್ ನಿಯಂತ್ರಕ ನಿರ್ಧರಿಸುತ್ತದೆ. ಒಳ್ಳೆಯ ಮೋಟಾರಿನ ದಕ್ಷತೆ ಶೇಕಡಾ 80ರ ಸುಮಾರಿಗೆ ಏರಿತು.

ಈ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯವಾದ ಭಾಗ ಹವ್ಯಾಸಿಗಳದು. 2000ದ ದಶಕದ ಮೊದಲ ವರ್ಷಗಳಲ್ಲಿ ಹಲವರು ಕೆಟ್ಟುಹೋದ ಸಿ.ಡಿ. ಡ್ರೈವ್‌ಗಳ ಮೋಟಾರನ್ನು ಕಿತ್ತು, ಅದರ ಸಣ್ಣ ತಂತಿಯನ್ನು ಬಿಚ್ಚಿ ದಪ್ಪ ತಾಮ್ರದ ತಂತಿ ಸುತ್ತಿ, ಒಳಗಿದ್ದ ಸಾಧಾರಣ ಅಯಸ್ಕಾಂತದ ಜಾಗದಲ್ಲಿ ನಿಯೋಡಿಮಿಯಂ ಚೂರುಗಳನ್ನು ಅಂಟಿಸಿದರು. ಹೊರಗಿನ ಬಟ್ಟಲೇ ತಿರುಗುವ ಈ ಮೋಟಾರು ನಿಧಾನವಾಗಿ ಆದರೆ ಬಲವಾಗಿ ತಿರುಗುವುದರಿಂದ, ಗೇರ್ ಇಲ್ಲದೆಯೇ ದೊಡ್ಡ ಪ್ರೊಪೆಲ್ಲರನ್ನು ಓಡಿಸಬಲ್ಲದು. ದೊಡ್ಡ ಪ್ರೊಪೆಲ್ಲರಿನ ಲಾಭವೂ ಸಣ್ಣದಲ್ಲ. ವಿಮಾನ ನಿಂತಲ್ಲೇ ಇರುವಾಗ ಅಷ್ಟೇ ನೂಕುಬಲ ಬೇಕೆಂದರೆ, ವ್ಯಾಸ ಇಮ್ಮಡಿಯಾದಾಗ ಬೇಕಾಗುವ ಸಾಮರ್ಥ್ಯ ಆದರ್ಶ ಸ್ಥಿತಿಯಲ್ಲಿ ಅರ್ಧಕ್ಕಿಳಿಯುತ್ತದೆ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದು, ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳುವುದಕ್ಕಿಂತ ಮಿತವ್ಯಯದ ಕೆಲಸ. ಮೋಟಾರು ಸುತ್ತಿದ ಹವ್ಯಾಸಿಗಳು ಪ್ರತಿ ಸುತ್ತಿಗೂ ಪ್ರವಾಹ ಅಳೆದರು, ವೇಗ ಅಳೆದರು, ಕೋಷ್ಟಕ ಬರೆದರು. ಮುನ್ನಡೆ ಬಂದದ್ದು ಅಳೆದವರಿಂದ.

ಚೀಟಿಯನ್ನು ಪರೀಕ್ಷಿಸೋಣ

ಈಗ ಆ 55 ಆಂಪಿಯರಿಗೆ ಬರೋಣ. 'ಸಿ' ಎಂಬುದು ಬ್ಯಾಟರಿಯ ಆಂಪಿಯರ್-ಗಂಟೆಯ ಎಷ್ಟು ಪಟ್ಟು ಪ್ರವಾಹವನ್ನು ಸತತವಾಗಿ ತೆಗೆಯಬಹುದು ಎಂಬುದರ ಸೂಚಕ. ಎಷ್ಟು ಬಿಸಿಯಾದರೆ, ವೋಲ್ಟೇಜು ಎಷ್ಟು ಕುಸಿದರೆ ಸಾಕು ಎನ್ನುವ ಷರತ್ತನ್ನು ಮಾತ್ರ ಚೀಟಿ ಹೇಳುವುದಿಲ್ಲ. ಷರತ್ತಿಲ್ಲದ ಅಂಕಿ ಭೌತಶಾಸ್ತ್ರದಲ್ಲಿ ಅಂಕಿಯೇ ಅಲ್ಲ.

ಇಂತಹ ಸಾಧಾರಣ ಬ್ಯಾಟರಿಯ ಪ್ರತಿ ಕೋಶಕ್ಕೆ 10 ಮಿಲಿಓಮ್‌ನಷ್ಟು ಆಂತರಿಕ ರೋಧ ಇದೆಯೆಂದು ಇಟ್ಟುಕೊಳ್ಳಿ. ಮೂರು ಕೋಶಕ್ಕೆ 0.03 ಓಮ್. 55 ಆಂಪಿಯರ್ ತೆಗೆದರೆ ಒಳಗೇ 1.65 ವೋಲ್ಟ್ ನಷ್ಟ. ಒಳಗೆ ಉತ್ಪತ್ತಿಯಾಗುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಅಂದರೆ ಸುಮಾರು 91 ವ್ಯಾಟ್. ಬ್ಯಾಟರಿ 144 ಸೆಕೆಂಡಿನಲ್ಲಿ, ಎರಡೂವರೆ ನಿಮಿಷದೊಳಗೆ, ಬರಿದಾಗುತ್ತದೆ. ಅಷ್ಟರಲ್ಲಿ ಒಳಗೆ ಸೇರಿದ ಶಾಖ 13,000 ಜೂಲ್. 180 ಗ್ರಾಂ ಬ್ಯಾಟರಿಯ ಪ್ರತಿ ಗ್ರಾಮನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು ಒಂದು ಜೂಲ್ ಬೇಕೆಂದರೆ, ತಾಪ 72 ಡಿಗ್ರಿ ಏರಬೇಕು. 27 ಡಿಗ್ರಿಯ ಬೆಳಗಿನಲ್ಲಿ ಹೊರಟ ಬ್ಯಾಟರಿ 99 ಡಿಗ್ರಿ ಮುಟ್ಟುತ್ತದೆ! 60 ಡಿಗ್ರಿ ದಾಟಿದರೆ ಲಿಥಿಯಂ-ಪಾಲಿಮರ್ ಕೋಶ ಉಬ್ಬಿ ಹಾಳಾಗತೊಡಗುತ್ತದೆ.

ಲೆಕ್ಕವನ್ನು ತಿರುವಿ ಹಾಕಿ. 60 ಡಿಗ್ರಿ ದಾಟಬಾರದು ಎಂಬ ಷರತ್ತಿಟ್ಟರೆ ತೆಗೆಯಬಹುದಾದ ಸತತ ಪ್ರವಾಹ ಸುಮಾರು 25 ಆಂಪಿಯರ್, ಅಂದರೆ '11 ಸಿ'. ಹೊರಗಿನ ಗಾಳಿ ಸ್ವಲ್ಪ ತಂಪು ಮಾಡುತ್ತದೆ, ಬಿಸಿಯಾದಂತೆ ರೋಧವೂ ಕೊಂಚ ಇಳಿಯುತ್ತದೆ; ಆದ್ದರಿಂದ 15 ಎಂದೇ ಒಪ್ಪೋಣ. ಚೀಟಿಯ 25ಕ್ಕೂ ಇದಕ್ಕೂ ಇರುವ ಅಂತರ ಚಿಕ್ಕದಲ್ಲ. ಆಂತರಿಕ ರೋಧ ಕಡಿಮೆಯಿರುವ ಉತ್ತಮ ಬ್ಯಾಟರಿಗಳೂ ಇವೆ. ಆದರೆ ನಿಮ್ಮ ಕೈಯಲ್ಲಿರುವುದು ಯಾವುದು ಎಂಬುದನ್ನು ಚೀಟಿ ಹೇಳಲಾರದು, ಅಳತೆ ಹೇಳುತ್ತದೆ.

ಮೋಟಾರಿನ ಮೇಲಿನ 'ಕೆವಿ' ಇನ್ನೊಂದು ಗೊಂದಲ. '1000 ಕೆವಿ' ಎಂದರೆ ಸಾವಿರ ಕಿಲೋವೋಲ್ಟ್ ಎಂದು ಹೇಳಿದ ವಿದ್ಯಾರ್ಥಿಯನ್ನೂ ಕಂಡಿದ್ದೇನೆ. ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದಷ್ಟೇ ಅದರ ಅರ್ಥ. ಈ ಸಂಖ್ಯೆ ದೊಡ್ಡದಾದಷ್ಟೂ ಮೋಟಾರು ಬಲಶಾಲಿ ಎಂಬ ನಂಬಿಕೆ ತಪ್ಪು. ಶಕ್ತಿಸಂರಕ್ಷಣೆಯ ನಿಯಮದಿಂದಲೇ ಹೊರಡುವ ಸಂಬಂಧ ಇದು: 9.55ನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಪ್ರತಿ ಆಂಪಿಯರಿಗೆ ಎಷ್ಟು ನ್ಯೂಟನ್-ಮೀಟರ್ ಟಾರ್ಕ್ ಸಿಗುತ್ತದೆ ಎಂದು ಬರುತ್ತದೆ. ವೇಗ ಹೆಚ್ಚಾದರೆ ತಿರುಗಿಸುವ ಬಲ ಅಷ್ಟೇ ಕಡಿಮೆ. ಸೈಕಲ್ಲಿನ ಗೇರ್ ಬದಲಿಸಿದಂತೆ. 30 ಗ್ರಾಮಿನ ಮೋಟಾರಿಗೂ 200 ಗ್ರಾಮಿನ ಮೋಟಾರಿಗೂ ಒಂದೇ ಕೆವಿ ಇರಬಹುದು. ಅವುಗಳ ಸಾಮರ್ಥ್ಯ ಒಂದೇ ಅಲ್ಲ.

ಅನುಕೂಲದ ಬೆಲೆ

ರೇಡಿಯೋ ವಿಷಯಕ್ಕೆ ಬನ್ನಿ. ಹಿಂದೆ ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಯೂರೋಪಿನಲ್ಲಿ 35 ಮೆಗಾಹರ್ಟ್ಸ್ ಸುತ್ತಮುತ್ತ ಕಿರಿದಾದ ಚಾನೆಲ್‌ಗಳಿದ್ದವು. ಒಂದೇ ಚಾನೆಲ್‌ನಲ್ಲಿ ಇಬ್ಬರು ಪ್ರೇಷಕ ಹಚ್ಚಿದರೆ ಒಬ್ಬನ ವಿಮಾನ ನೆಲಕ್ಕೆ. ಆದ್ದರಿಂದ ಮೈದಾನದಲ್ಲಿ ಒಂದು ಹಲಗೆ, ಅದರಲ್ಲಿ ಚಾನೆಲ್‌ಗೊಂದು ಕ್ಲಿಪ್ಪು. ಕ್ಲಿಪ್ಪು ಕೈಯಲ್ಲಿದ್ದವನು ಮಾತ್ರ ಹಾರಿಸಬೇಕು. 2000ದ ದಶಕದ ನಡುವೆ ಬಂದ 2.4 ಗಿಗಾಹರ್ಟ್ಸ್ ಉಪಕರಣಗಳು ಈ ಕಾಟ ತಪ್ಪಿಸಿದವು. ಪ್ರತಿ ಗ್ರಾಹಕ ತನ್ನ ಪ್ರೇಷಕದ ಗುರುತನ್ನು ಮಾತ್ರ ಪಾಲಿಸುತ್ತದೆ. ಸಂಕೇತವನ್ನು ಅಗಲ ಪಟ್ಟಿಯಲ್ಲಿ ಹರಡುತ್ತಾರೆ ಅಥವಾ ಆವೃತ್ತಿಯಿಂದ ಆವೃತ್ತಿಗೆ ಜಿಗಿಸುತ್ತಾರೆ. ಒಂದು ಮೀಟರಿನ ಆಂಟೆನಾ ಮೂರು ಸೆಂಟಿಮೀಟರಿಗೆ ಇಳಿಯಿತು. ಇದು ನಿಸ್ಸಂಶಯವಾಗಿ ದೊಡ್ಡ ಉಪಕಾರ.

ಆದರೆ ತರಂಗದೂರ 12.5 ಸೆಂಟಿಮೀಟರಿಗೆ ಇಳಿದಾಗ ಬ್ಯಾಟರಿ, ಕಾರ್ಬನ್ ನಾರಿನ ಕಡ್ಡಿ, ಹಾರಿಸುವವನ ದೇಹ, ಎಲ್ಲವೂ ನೆರಳು ಬೀಳಿಸುತ್ತವೆ. ಆಂಟೆನಾವನ್ನು ಬ್ಯಾಟರಿಯ ಹಿಂದೆ ಮಡಚಿಟ್ಟು "ರೇಡಿಯೋ ಕೈಕೊಟ್ಟಿತು" ಎನ್ನುವವರು ಇಂದಿಗೂ ಇದ್ದಾರೆ. ಕೈಕೊಟ್ಟದ್ದು ರೇಡಿಯೋ ಅಲ್ಲ, ತರಂಗದ ಪಾಠ.

ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಸ್ಥಿರಕಾರಿ ಉಪಕರಣ. ಮೊಬೈಲ್ ಫೋನಿನಲ್ಲಿರುವಂತಹ ಪುಟ್ಟ ಸಿಲಿಕಾನ್ ಗೈರೋ ಈಗ ಹತ್ತಾರು ಗ್ರಾಮಿನೊಳಗೆ ವಿಮಾನದಲ್ಲಿ ಕೂರುತ್ತದೆ. ಗಾಳಿ ತಳ್ಳಿದರೆ ತಾನೇ ಸರಿಪಡಿಸುತ್ತದೆ. ಕಲಿಯುವವನ ವಿಮಾನ ಮೊದಲ ದಿನವೇ ಮುರಿಯದಿರುವುದು ಒಳ್ಳೆಯದೇ. ಆದರೆ ವಿಮಾನ ಸ್ಥಿರವಾಗಿರಲು ಅದರ ಗುರುತ್ವಕೇಂದ್ರ ಒಂದು ನಿಗದಿತ ಬಿಂದುವಿಗಿಂತ ಮುಂದಿರಬೇಕು. ಬಾಲ ಭಾರವಾದ ವಿಮಾನ ಹಿಂದೆ ಮೊದಲ ಹಾರಾಟದಲ್ಲೇ ಬಿದ್ದು ಬುದ್ಧಿ ಹೇಳುತ್ತಿತ್ತು. ಈಗ ಗೈರೋ ಆ ತಪ್ಪನ್ನು ಮುಚ್ಚಿಡುತ್ತದೆ. ಬಾಲದ ಫಲಕ ತನ್ನ ಚಲನೆಯ ಕೊನೆ ಮುಟ್ಟುವವರೆಗೆ ಮುಚ್ಚಿಟ್ಟು, ಆಮೇಲೆ ಒಮ್ಮೆಲೇ ಕೈಬಿಡುತ್ತದೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮೆಥನಾಲ್ ಮತ್ತು ಎಣ್ಣೆ ಕುಡಿಯುವ ಸಣ್ಣ ಎಂಜಿನ್ನುಗಳ ಕರ್ಕಶ ಸದ್ದು, ಜಿಡ್ಡು, ಬೆರಳಿಗೆ ಹೊಡೆಯುವ ಪ್ರೊಪೆಲ್ಲರು, ಇವನ್ನು ಯಾರೂ ಮರಳಿ ಬಯಸಬೇಕಿಲ್ಲ. ನನ್ನ ಆಕ್ಷೇಪ ಉಪಕರಣದ ಮೇಲಲ್ಲ. ಅದನ್ನು ಜೋಡಿಸಿ ತಂದದ್ದನ್ನೇ ವಿಜ್ಞಾನ ಯೋಜನೆ ಎಂದು ನಾವು ಒಪ್ಪುವುದರ ಮೇಲೆ.

ಅಟ್ಲಾಂಟಿಕ್ ದಾಟಿದ ಮಾದರಿ

"ಇನ್ನಷ್ಟು ಸುಧಾರಿಸಿದರೆ ಎಲ್ಲಿಗಾದರೂ ಹಾರಬಹುದು" ಎಂಬ ಮಾತನ್ನೂ ತೂಗಿ ನೋಡೋಣ. 2003ರ ಆಗಸ್ಟ್ 9ರಂದು ಅಮೆರಿಕದ ಮೇನಾರ್ಡ್ ಹಿಲ್ ಮತ್ತು ಸಂಗಡಿಗರ ಮಾದರಿ ವಿಮಾನವೊಂದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, 38 ಗಂಟೆ 53 ನಿಮಿಷದ ನಂತರ 11ರಂದು ಐರ್ಲೆಂಡಿನಲ್ಲಿ ಇಳಿಯಿತು. ದೂರ ಸುಮಾರು 3,030 ಕಿಲೋಮೀಟರ್. ಇಂಧನ ತುಂಬಿದಾಗ ಅದರ ತೂಕ 5 ಕಿಲೋಗ್ರಾಂ. ಅದರಲ್ಲಿ ಅರ್ಧದ ಹತ್ತಿರ ಇಂಧನವೇ. ಆದರೆ ಅದು ಬ್ಯಾಟರಿಯ ವಿಮಾನ ಅಲ್ಲ. ಲಾಂದ್ರಕ್ಕೆ ಹಾಕುವ ದ್ರವ ಇಂಧನದಿಂದ ಓಡುವ ಪುಟ್ಟ ಎಂಜಿನ್ ಅದರಲ್ಲಿತ್ತು.

ಬ್ಯಾಟರಿಯಿಂದ ಇದು ಸಾಧ್ಯವೇ? ಸೂತ್ರ ಸರಳ. ಪ್ರತಿ ಕಿಲೋಗ್ರಾಂ ಬ್ಯಾಟರಿಯ ಶಕ್ತಿಯನ್ನು ಒಟ್ಟು ದಕ್ಷತೆಯಿಂದಲೂ, ವಿಮಾನದ ತೂಕದಲ್ಲಿ ಬ್ಯಾಟರಿಯ ಪಾಲಿನಿಂದಲೂ, ತೇಲುವ ಅನುಪಾತದಿಂದಲೂ ಗುಣಿಸಿ, ಗುರುತ್ವದ ವೇಗೋತ್ಕರ್ಷದಿಂದ ಭಾಗಿಸಿ. ತೇಲುವ ಅನುಪಾತವೆಂದರೆ ಮೋಟಾರು ನಿಲ್ಲಿಸಿದಾಗ ಒಂದು ಮೀಟರ್ ಇಳಿಯುವಷ್ಟರಲ್ಲಿ ಎಷ್ಟು ಮೀಟರ್ ಮುಂದೆ ಸಾಗುತ್ತದೆ ಎಂಬುದು. ಕಿಲೋಗ್ರಾಮಿಗೆ 180 ವ್ಯಾಟ್-ಗಂಟೆ, ದಕ್ಷತೆ ಅರ್ಧ, ಬ್ಯಾಟರಿಯ ಪಾಲು ಶೇಕಡಾ 40, ತೇಲುವ ಅನುಪಾತ 10 ಎಂದರೆ ಉತ್ತರ ಸುಮಾರು 130 ಕಿಲೋಮೀಟರ್. ಉದಾರವಾಗಿ 250 ವ್ಯಾಟ್-ಗಂಟೆ, ದಕ್ಷತೆ ಶೇಕಡಾ 70, ಅರ್ಧ ತೂಕ ಬ್ಯಾಟರಿ, ಅನುಪಾತ 20 ಎಂದು ಕೊಟ್ಟರೂ 650 ಕಿಲೋಮೀಟರಿನ ಒಳಗೇ. ಅಟ್ಲಾಂಟಿಕ್ ದಾರಿಯ ಐದನೆಯ ಒಂದು ಭಾಗ. ದ್ರವ ಇಂಧನದ ಒಂದು ಕಿಲೋಗ್ರಾಮಿನಲ್ಲಿ 12,000 ವ್ಯಾಟ್-ಗಂಟೆಯಷ್ಟು ಶಕ್ತಿ ಇದೆ. ಪುಟ್ಟ ಎಂಜಿನ್ನು ಅದರ ಎಂಟರಲ್ಲೊಂದು ಭಾಗವನ್ನಷ್ಟೇ ಬಳಸಿಕೊಂಡರೂ ಗೆಲುವು ಅದರದೇ. ಸಾಲದ್ದಕ್ಕೆ ಇಂಧನ ಉರಿದಂತೆ ವಿಮಾನ ಹಗುರವಾಗುತ್ತದೆ. ಬರಿದಾದ ಬ್ಯಾಟರಿ ಹಗುರವಾಗುವುದಿಲ್ಲ.

ಈ ಸೂತ್ರದಲ್ಲಿ ವಿಮಾನದ ಗಾತ್ರವೇ ಬರುವುದಿಲ್ಲ ಎಂಬುದನ್ನು ಗಮನಿಸಿ. ದೊಡ್ಡದು ಮಾಡಿದ ಮಾತ್ರಕ್ಕೆ ದೂರ ಹೆಚ್ಚದು. 2020ರ ಜೂನ್‌ನಲ್ಲಿ ಯೂರೋಪಿನ ವಾಯುಸುರಕ್ಷಾ ಸಂಸ್ಥೆಯ ಪ್ರಮಾಣಪತ್ರ ಪಡೆದ ಮೊದಲ ವಿದ್ಯುತ್ ವಿಮಾನ, ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯ ಎರಡಾಸನದ 'ವೆಲಿಸ್ ಎಲೆಕ್ಟ್ರೋ', ಹಾರುವುದು 50 ನಿಮಿಷದಷ್ಟು. ತರಬೇತಿಗೆ ಅದು ಸಾಕು, ಒಳ್ಳೆಯದು ಕೂಡ. ಸಾಗರ ದಾಟಲು ಸಾಲದು. ಮೈದಾನದಲ್ಲಿ ಹತ್ತು ನಿಮಿಷ ಹಾರಿದ ಮಾದರಿ ನಮಗೆ ಕಲಿಸಬೇಕಾದದ್ದು ಈ ಮಿತಿಯನ್ನೂ ಹೌದು.

ನೀವು ಏನು ಮಾಡಬಹುದು?

ನೀವು ಅಧ್ಯಾಪಕರಾಗಿದ್ದರೆ, ಅಥವಾ ನಿಮ್ಮ ಮನೆಯಲ್ಲಿ ಇಂತಹ ವಿಮಾನ ಜೋಡಿಸುವ ಮಕ್ಕಳಿದ್ದರೆ, ಒಂದು ಪ್ರಯೋಗ ಮಾಡಿಸಿ. ಮೋಟಾರು, ಪ್ರೊಪೆಲ್ಲರು ಬೇಡ. ಕಾರಿನ ಹೆಡ್‌ಲ್ಯಾಂಪಿನ 12 ವೋಲ್ಟ್, 55 ವ್ಯಾಟಿನ ಮೂರು ಬಲ್ಬು, ಒಂದು ಫ್ಯೂಸ್, ಒಂದು ಮಲ್ಟಿಮೀಟರ್, 20 ಆಂಪಿಯರ್ ಅಳೆಯಬಲ್ಲ ಒಂದು ಮೀಟರು ಸಾಕು. ಮೊದಲು ಒಂದು ಬಲ್ಬು ಹಚ್ಚಿ ಬ್ಯಾಟರಿಯ ವೋಲ್ಟೇಜ್ ಮತ್ತು ಪ್ರವಾಹ ಬರೆದುಕೊಳ್ಳಿ. ಉಳಿದೆರಡನ್ನೂ ಸಮಾಂತರವಾಗಿ ಸೇರಿಸಿ ಕೂಡಲೇ ಮತ್ತೆ ಬರೆದುಕೊಳ್ಳಿ. ವೋಲ್ಟೇಜಿನ ಇಳಿಕೆಯನ್ನು ಪ್ರವಾಹದ ಏರಿಕೆಯಿಂದ ಭಾಗಿಸಿದರೆ ಆಂತರಿಕ ರೋಧ ಸಿಗುತ್ತದೆ. 9 ಆಂಪಿಯರ್ ಏರಿದಾಗ 0.27 ವೋಲ್ಟ್ ಇಳಿದರೆ 0.03 ಓಮ್. ಆಮೇಲೆ ಮೇಲಿನ ಲೆಕ್ಕವನ್ನು ಅವರೇ ಮಾಡಲಿ. ಚೀಟಿಯ ಪಕ್ಕದಲ್ಲಿ ತಮ್ಮ ಅಂಕಿಯನ್ನು ಬರೆದು ಅಂಟಿಸಲಿ. ಆರು ತಿಂಗಳ ನಂತರ ಮತ್ತೆ ಅಳೆದರೆ ಬ್ಯಾಟರಿ ಎಷ್ಟು ಮುದಿಯಾಗಿದೆ ಎಂಬುದೂ ತಿಳಿಯುತ್ತದೆ.

ಎಚ್ಚರಿಕೆಯ ಮಾತುಗಳನ್ನೂ ಮರೆಯಬೇಡಿ. ಉಬ್ಬಿದ ಬ್ಯಾಟರಿಯನ್ನು ಮರುಪೂರಣ ಮಾಡಬಾರದು. ಮರುಪೂರಣ ಮಾಡುವಾಗ ಬಿಟ್ಟುಹೋಗಬಾರದು. ಕೋಶ 3 ವೋಲ್ಟಿಗಿಂತ ಕೆಳಗಿಳಿಯಬಾರದು, 4.2 ದಾಟಬಾರದು; ಎತ್ತಿಡುವಾಗ 3.8 ವೋಲ್ಟಿನಲ್ಲಿರಲಿ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಸಂಗ್ರಹಿಸುವವರಿಗೆ ಕೊಡಿ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳ ಬಗ್ಗೆಯೂ ಮಾತಾಡುತ್ತವೆ. ಹಾರಿಸುವ ಜಾಗ ನಿಷೇಧಿತ ವಾಯುಪ್ರದೇಶದಲ್ಲಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ.

"ಹವ್ಯಾಸ ಎಂದರೆ ಸಂತೋಷಕ್ಕಾಗಿ, ಎಲ್ಲದರಲ್ಲೂ ಪಾಠ ಏಕೆ ಹುಡುಕುತ್ತೀರಿ?" ಎಂದು ನೀವು ಕೇಳಬಹುದು. ಮೈದಾನದಲ್ಲಿ ಹಾರಿಸಿ ಖುಷಿಪಡುವವರಿಗೆ ನನ್ನ ತಕರಾರಿಲ್ಲ. ಆದರೆ ಅದೇ ವಿಮಾನ ವಿಜ್ಞಾನ ಪ್ರದರ್ಶನದ ಮೇಜಿಗೆ ಬಂದಾಗ, ಅದರ ಪಕ್ಕದಲ್ಲಿ ವಿದ್ಯಾರ್ಥಿಗಳೇ ಅಳೆದು ಬರೆದ ಒಂದು ಕೋಷ್ಟಕ ಇರಬೇಕು ಎಂದು ಕೇಳುವ ಹಕ್ಕು ತೀರ್ಪುಗಾರನಿಗೆ ಇದೆ. ಆ ದಿನ ನಾನು ಅದನ್ನು ಕೇಳದೆ ಅಂಕ ಕೊಟ್ಟೆ. ಇನ್ನು ಮುಂದೆ ಕೇಳಿಯೇ ಕೊಡುತ್ತೇನೆ. ನೀವೂ ಕೇಳಿ.